ಕೂಡಬೇಕೋ ಗುಣಿಸಬೇಕೋ? ಬೈನಾಮಿಯಲ್ಲೋ ಪಾಯ್ಸಾನೋ?

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ, ಸಂಖ್ಯಾಶಾಸ್ತ್ರ ನನ್ನ ಮುಖ್ಯ ವಿಷಯ. ಪ್ರಾಬಬಿಲಿಟಿಯ (ಸಂಭವನೀಯತೆಯ) ಸೂತ್ರಗಳೆಲ್ಲ ಬಾಯಿಪಾಠವಾಗಿವೆ. ಆಯಾ ಅಧ್ಯಾಯದ ಕೊನೆಯಲ್ಲಿರುವ ಲೆಕ್ಕಗಳನ್ನೂ ಮಾಡುತ್ತೇನೆ. ಆದರೆ ಪರೀಕ್ಷೆಯಲ್ಲಿ ಎಲ್ಲ ಅಧ್ಯಾಯಗಳ ಲೆಕ್ಕಗಳು ಬೆರೆತು ಬಂದಾಗ ಎಲ್ಲಿ ಕೂಡಬೇಕು, ಎಲ್ಲಿ ಗುಣಿಸಬೇಕು, ಹಾಕಬೇಕಾದದ್ದು ಬೈನಾಮಿಯಲ್ಲೋ ಪಾಯ್ಸಾನೋ ನಾರ್ಮಲ್ಲೋ ಎಂದು ಹೊಳೆಯುವುದೇ ಇಲ್ಲ. ಗುರುತು ಹಿಡಿಯಲು ದಾರಿ ಇದೆಯೇ ಸರ್?

ಉತ್ತರ: ಅಧ್ಯಾಯದ ಕೊನೆಯ ಲೆಕ್ಕಗಳು ನಿಮಗೆ ಸುಲಭವಾಗಿ ಬರುವುದಕ್ಕೆ ಕಾರಣವಿದೆ. ಯಾವ ಸೂತ್ರ ಹಾಕಬೇಕು ಎಂಬುದನ್ನು ಅಲ್ಲಿ ಅಧ್ಯಾಯದ ತಲೆಬರಹವೇ ಹೇಳಿಬಿಟ್ಟಿರುತ್ತದೆ. ನಿಮಗೆ ಉಳಿಯುವುದು ಅಂಕಿ ತುಂಬುವ ಕೆಲಸ ಮಾತ್ರ. ಪರೀಕ್ಷೆಯಲ್ಲಿ ಆ ತಲೆಬರಹ ಇರುವುದಿಲ್ಲ. ಅದನ್ನು ನೀವೇ ಕಂಡುಕೊಳ್ಳಬೇಕು. ಸೂತ್ರ ಎಷ್ಟು ಬಾಯಿಪಾಠ ಮಾಡಿದರೂ ಈ ಶಕ್ತಿ ಬರುವುದಿಲ್ಲ, ಏಕೆಂದರೆ ಬಾಯಿಪಾಠ ಮಾಡುವಾಗ ಸೂತ್ರದ ಜೊತೆಗಿದ್ದ ಷರತ್ತು ಉದುರಿಹೋಗಿರುತ್ತದೆ.

ಹಾಗಾಗಿ ಲೆಕ್ಕ ಓದಿದ ಕೂಡಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾವುದು ನಿಗದಿಯಾಗಿದೆ, ಯಾವುದು ನಿಗದಿಯಾಗಿಲ್ಲ? ಇದರ ಉತ್ತರವನ್ನು ಉತ್ತರಪತ್ರಿಕೆಯ ಅಂಚಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ಕೂಡುವುದು, ಗುಣಿಸುವುದು, ಡಿಸ್ಟ್ರಿಬ್ಯೂಷನ್ (ಯಾವ ಫಲಿತಾಂಶಕ್ಕೆ ಎಷ್ಟು ಸಂಭವನೀಯತೆ ಎಂದು ಹೇಳುವ ಬೈನಾಮಿಯಲ್, ಪಾಯ್ಸಾನ್‌ನಂಥ ಮಾದರಿ) ಆರಿಸುವುದು ಎಲ್ಲವೂ ಆ ಸಾಲಿನಿಂದ ಹುಟ್ಟುತ್ತವೆ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಕೂಡುವ ನಿಯಮ. ಎರಡು ಘಟನೆಗಳಲ್ಲಿ ಒಂದಾದರೂ ನಡೆಯುವ ಸಂಭವನೀಯತೆ ಕೇಳಿದರೆ ಎರಡನ್ನೂ ಕೂಡಿ, ಎರಡೂ ಒಟ್ಟಿಗೆ ನಡೆಯುವ ಭಾಗವನ್ನು ಕಳೆಯಬೇಕು. 52 ಎಲೆಗಳ ಇಸ್ಪೀಟ್ ಕಟ್ಟಿನಿಂದ ಒಂದು ಎಲೆ ಎಳೆದರೆ ಅದು ರಾಜ ಅಥವಾ ಹಾರ್ಟ್ ಆಗಿರುವ ಸಂಭವನೀಯತೆ 4/52 + 13/52 − 1/52, ಅಂದರೆ 16/52. ಹಾರ್ಟ್ ರಾಜನನ್ನು ಎರಡು ಸಲ ಎಣಿಸಿದ್ದರಿಂದ ಒಂದು ಸಲ ಕಳೆದೆವು. ಇಷ್ಟು ನಿಮಗೆ ಗೊತ್ತೇ ಇದೆ. ತಪ್ಪು ನಡೆಯುವುದು ‘ಕನಿಷ್ಠ ಒಂದು ಸಲ’ ಎಂದು ಕೇಳಿದಾಗ.

1654ರಲ್ಲಿ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ನಡುವೆ ನಡೆದ ಪತ್ರವ್ಯವಹಾರದಿಂದ ಈ ಶಾಸ್ತ್ರ ಶುರುವಾಯಿತು ಎನ್ನುತ್ತಾರೆ. ಅದರ ಹಿಂದೆ ಇದ್ದದ್ದು ಇಂಥದೇ ದಾಳದ ಪ್ರಶ್ನೆ. ಒಂದು ದಾಳವನ್ನು 4 ಸಲ ಎಸೆದರೆ ಕನಿಷ್ಠ ಒಂದು ಆರು ಬೀಳುವ ಸಂಭವನೀಯತೆ ಎಷ್ಟು? ಒಂದು ಎಸೆತಕ್ಕೆ 1/6, ನಾಲ್ಕಕ್ಕೆ 4/6 ಎಂದು ಕೂಡಿಬಿಡುವುದು ಸುಲಭ. ಆ ಲೆಕ್ಕದಂತೆ ಹೋದರೆ 6 ಎಸೆತಕ್ಕೆ ಸಂಭವನೀಯತೆ 1 ಆಗಬೇಕು, ಅಂದರೆ ಆರು ಬಿದ್ದೇ ತೀರಬೇಕು. 7 ಎಸೆತಕ್ಕೆ 1ನ್ನೂ ಮೀರುತ್ತದೆ. ಇದು ಆಗದ ಮಾತು. ಇಲ್ಲಿ ಎಸೆತಗಳ ಸಂಖ್ಯೆ ನಿಗದಿ, ಆರು ಎಷ್ಟು ಸಲ ಬೀಳುತ್ತದೆ ಎಂಬುದು ನಿಗದಿಯಲ್ಲ. ಒಂದು, ಎರಡು, ಮೂರು, ನಾಲ್ಕು ಸಲ ಬೀಳುವ ಎಲ್ಲ ಸಾಧ್ಯತೆಗಳೂ ‘ಕನಿಷ್ಠ ಒಂದು’ ಎಂಬುದರೊಳಗೆ ಬರುತ್ತವೆ. ಅವನ್ನೆಲ್ಲ ಎಣಿಸುವ ಬದಲು ಹೊರಗೆ ಉಳಿದ ಒಂದೇ ಸಾಧ್ಯತೆಯನ್ನು, ಅಂದರೆ ಒಂದೂ ಬೀಳದಿರುವುದನ್ನು, ಎಣಿಸಿ 1ರಿಂದ ಕಳೆಯಿರಿ: 1 − (5/6)⁴ = 0.5177. ಎರಡು ದಾಳ ಒಟ್ಟಿಗೆ 24 ಸಲ ಎಸೆದು ಕನಿಷ್ಠ ಒಂದು ಸಲ ಎರಡರಲ್ಲೂ ಆರು ಬೀಳಬೇಕೆಂದರೆ 1 − (35/36)²⁴ = 0.4914. ಒಂದು ಅರ್ಧಕ್ಕಿಂತ ಕೊಂಚ ಮೇಲೆ, ಇನ್ನೊಂದು ಕೊಂಚ ಕೆಳಗೆ. 25 ಸಲ ಎಸೆದರೆ ಅದೂ 0.5055ಕ್ಕೆ ಏರುತ್ತದೆ. ‘ಕನಿಷ್ಠ ಒಂದು’ ಎಂದು ಕಂಡಕೂಡಲೇ ‘ಒಂದೂ ಇಲ್ಲ’ ಎಂಬುದರತ್ತ ಕೈ ಹೋಗಬೇಕು. ಅಷ್ಟು ಅಭ್ಯಾಸ ಮಾಡಿ.

ಇಲ್ಲೊಂದು ಮಾತು. ಮ್ಯೂಚುಯಲಿ ಎಕ್ಸ್‌ಕ್ಲೂಸಿವ್ (ಒಟ್ಟಿಗೆ ನಡೆಯಲಾರದ) ಮತ್ತು ಇಂಡಿಪೆಂಡೆಂಟ್ (ಸ್ವತಂತ್ರ) ಎರಡೂ ಒಂದೇ ಎಂದು ಬರೆಯುವ ಉತ್ತರಪತ್ರಿಕೆಗಳಿಗೆ ಲೆಕ್ಕವಿಲ್ಲ. ಅವು ಒಂದೇ ಅಲ್ಲ, ಒಟ್ಟಿಗೆ ಇರಲೂ ಆರವು. ಎ ನಡೆದರೆ ಬಿ ನಡೆಯಲಾರದು ಎಂದಾದರೆ, ಎ ನಡೆದ ಸುದ್ದಿ ಬಿ ಬಗ್ಗೆ ಎಲ್ಲವನ್ನೂ ಹೇಳಿಬಿಟ್ಟಿತು. ಸ್ವತಂತ್ರ ಘಟನೆಗಳಲ್ಲಿ ಎ ನಡೆದ ಸುದ್ದಿ ಬಿ ಬಗ್ಗೆ ಏನನ್ನೂ ಹೇಳಬಾರದು. ಎರಡಕ್ಕೂ ಸೊನ್ನೆಗಿಂತ ಹೆಚ್ಚಿನ ಸಂಭವನೀಯತೆ ಇದ್ದರೆ ಅವು ಒಂದೋ ಇದು, ಇಲ್ಲವೇ ಅದು, ಅಥವಾ ಎರಡೂ ಅಲ್ಲ.

ಗುಣಿಸುವ ನಿಯಮಕ್ಕೆ ಬರೋಣ. ಪೂರ್ತಿ ನಿಯಮ ಹೀಗಿದೆ: ಎ ಮತ್ತು ಬಿ ಎರಡೂ ನಡೆಯುವ ಸಂಭವನೀಯತೆ ಎಂದರೆ ಎ ನಡೆಯುವುದು, ಗುಣಿಸು, ಎ ನಡೆದಿದೆ ಎಂದಾದಾಗ ಬಿ ನಡೆಯುವುದು. ಬರೀ ಪಿ(ಎ) × ಪಿ(ಬಿ) ಎಂದು ಬರೆಯಬಹುದಾದದ್ದು ಸ್ವಾತಂತ್ರ್ಯವಿದ್ದಾಗ ಮಾತ್ರ. ವಿದ್ಯಾರ್ಥಿಗಳು ಚಿಕ್ಕ ಸೂತ್ರವನ್ನೇ ಪೂರ್ತಿ ನಿಯಮ ಎಂದುಕೊಳ್ಳುತ್ತಾರೆ. ಅದರಿಂದ ಎಂಥ ಅನಾಹುತ ಆಗಬಹುದು ಎಂಬುದಕ್ಕೆ ಒಂದು ನಿಜವಾದ ಮೊಕದ್ದಮೆ ಇದೆ. ಸಂಖ್ಯಾಶಾಸ್ತ್ರ ಓದುವ ಪ್ರತಿಯೊಬ್ಬರಿಗೂ ಅದು ತಿಳಿದಿರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಎರಡು ಹಸುಗೂಸುಗಳು, ಒಂದು 1996ರಲ್ಲಿ, ಇನ್ನೊಂದು 1998ರಲ್ಲಿ, ತೀರಿಕೊಂಡವು. ತಾಯಿಯೇ ಕೊಂದಳೆಂದು ಆರೋಪ ಬಂತು. 1999ರ ವಿಚಾರಣೆಯಲ್ಲಿ ಮಕ್ಕಳ ವೈದ್ಯರೊಬ್ಬರು ಸಾಕ್ಷಿ ನುಡಿಯುತ್ತಾ, ಇಂಥ ಕುಟುಂಬದಲ್ಲಿ ಒಂದು ಕೂಸು ಕಾರಣವಿಲ್ಲದೆ ತೊಟ್ಟಿಲಲ್ಲೇ ಸಾಯುವ ಸಂಭವನೀಯತೆ 8,543ರಲ್ಲಿ ಒಂದು, ಎರಡು ಕೂಸುಗಳು ಹಾಗೆ ಸಾಯುವುದು ಅದರ ವರ್ಗ, ಅಂದರೆ ಸುಮಾರು 7.3 ಕೋಟಿಯಲ್ಲಿ ಒಂದು ಎಂದರು. ಆಕೆಗೆ ಜೀವಾವಧಿ ಶಿಕ್ಷೆಯಾಯಿತು.

ಆ ಗುಣಾಕಾರದಲ್ಲಿ ಏನು ತಪ್ಪು? ಎರಡೂ ಕೂಸುಗಳಿಗೆ ಒಬ್ಬರೇ ತಂದೆತಾಯಿ, ಒಂದೇ ಮನೆ, ಒಂದೇ ರಕ್ತ. ಮೊದಲ ಸಾವಿಗೆ ಕಾರಣವಾದ ವಂಶವಾಹಿ ದೋಷವೋ ಪರಿಸರವೋ ಎರಡನೆಯದಕ್ಕೂ ಇರಬಹುದು. ಅಂದಮೇಲೆ ಎರಡು ಸಾವುಗಳು ಸ್ವತಂತ್ರ ಎಂದು ಯಾರೂ ತೋರಿಸಿರಲಿಲ್ಲ, ಸುಮ್ಮನೆ ಒಪ್ಪಿಕೊಂಡಿದ್ದರು. ಗುಣಿಸಬೇಕಾದದ್ದು ‘ಮೊದಲ ಕೂಸು ಹಾಗೆ ಸತ್ತ ಮನೆಯಲ್ಲಿ ಎರಡನೆಯದೂ ಹಾಗೆ ಸಾಯುವ’ ಸಂಭವನೀಯತೆಯನ್ನು. ಅದು 8,543ರಲ್ಲಿ ಒಂದಕ್ಕಿಂತ ಬಹಳ ಹೆಚ್ಚಿರಬಹುದು. ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗ ಹೇಳಿಕೆ ಕೊಟ್ಟು ಈ ಅಂಕಿಗೆ ಆಧಾರವಿಲ್ಲ ಎಂದಿತು. 2003ರಲ್ಲಿ ಎರಡನೇ ಮೇಲ್ಮನವಿಯಲ್ಲಿ, ಮುಖ್ಯವಾಗಿ ಮೊದಲು ಹೊರಗೆ ಬಾರದಿದ್ದ ವೈದ್ಯಕೀಯ ಪರೀಕ್ಷೆಯ ಫಲಿತಾಂಶಗಳ ಕಾರಣದಿಂದ, ಶಿಕ್ಷೆ ರದ್ದಾಯಿತು. ಅಷ್ಟರಲ್ಲಿ ಆಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದಳು.

ಆ ಅಂಕಿಯಲ್ಲಿ ಎರಡನೆಯ ತಪ್ಪೂ ಇತ್ತು, ಅದು ಇನ್ನೂ ಸೂಕ್ಷ್ಮ. 7.3 ಕೋಟಿಯಲ್ಲಿ ಒಂದು ಎಂಬುದನ್ನು ಸರಿಯೆಂದೇ ಇಟ್ಟುಕೊಂಡರೂ, ಅದು ‘ಆಕೆ ನಿರಪರಾಧಿಯಾಗಿದ್ದರೆ ಹೀಗೆ ನಡೆಯುವ’ ಸಂಭವನೀಯತೆ. ಜನ ಅದನ್ನು ‘ಹೀಗೆ ನಡೆದಿರುವಾಗ ಆಕೆ ನಿರಪರಾಧಿಯಾಗಿರುವ’ ಸಂಭವನೀಯತೆ ಎಂದು ಕೇಳಿಸಿಕೊಳ್ಳುತ್ತಾರೆ. ಎರಡು ಕೂಸುಗಳನ್ನು ತಾಯಿಯೇ ಕೊಲ್ಲುವುದೂ ಅತ್ಯಂತ ಅಪರೂಪ. ಎರಡು ಕೂಸುಗಳು ಸತ್ತಿವೆ ಎಂಬುದು ಈಗ ನಿಗದಿ. ಆ ನಿಗದಿಯ ಒಳಗೆ ಎರಡು ಅಪರೂಪಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಕಿತ್ತು.

ಕಂಡಿಷನಲ್ ಪ್ರಾಬಬಿಲಿಟಿಯ (ಒಂದು ನಡೆದಿದೆ ಎಂದಾದಾಗ ಇನ್ನೊಂದು ನಡೆಯುವ ಸಂಭವನೀಯತೆಯ) ಲೆಕ್ಕಗಳಲ್ಲೆಲ್ಲ ಕೇಳಬೇಕಾದ ಪ್ರಶ್ನೆ ಇದೇ: ಛೇದದಲ್ಲಿ ಯಾರು ಕೂತಿದ್ದಾರೆ? ಬೇಯ್ಸ್ ಪ್ರಮೇಯವನ್ನು (ಇಂಥ ಷರತ್ತನ್ನು ತಿರುಗಿಸಿ ಲೆಕ್ಕ ಹಾಕುವ ಸೂತ್ರವನ್ನು) ಬಾಯಿಪಾಠ ಮಾಡಿದವರಿಗಿಂತ ತಲೆ ಎಣಿಸಿ ಮಾಡುವವರು ಕಡಿಮೆ ತಪ್ಪುತ್ತಾರೆ. ಒಂದು ರೋಗ ನೂರಕ್ಕೆ ಒಬ್ಬರಿಗಿದೆ, ರೋಗವಿದ್ದವರಲ್ಲಿ 90% ಜನರಿಗೆ ಟೆಸ್ಟ್ ಪಾಸಿಟಿವ್ ಬರುತ್ತದೆ, ರೋಗವಿಲ್ಲದವರಲ್ಲೂ 5% ಜನರಿಗೆ ಪಾಸಿಟಿವ್ ಬಂದುಬಿಡುತ್ತದೆ ಎಂದು ಇಟ್ಟುಕೊಳ್ಳಿ. ಪಾಸಿಟಿವ್ ಬಂದವರಿಗೆ ರೋಗವಿರುವ ಸಂಭವನೀಯತೆ ಎಷ್ಟು? 10,000 ಜನರನ್ನು ತೆಗೆದುಕೊಳ್ಳಿ. ರೋಗವಿರುವವರು 100, ಅವರಲ್ಲಿ ಪಾಸಿಟಿವ್ 90. ರೋಗವಿಲ್ಲದವರು 9,900, ಅವರಲ್ಲಿ ಪಾಸಿಟಿವ್ 495. ಪಾಸಿಟಿವ್ ಬಂದವರು ಒಟ್ಟು 585. ಈಗ ಛೇದದಲ್ಲಿ ಕೂತಿರುವವರು ಇವರೇ. 90/585 ಎಂದರೆ ಸುಮಾರು 15.4%. ತೊಂಬತ್ತು ಎಂದು ಊಹಿಸಿದವರಿಗೆ ಇದು ನಂಬಲಾಗದ ಉತ್ತರ. ಆದರೆ ಆ 495 ಜನರನ್ನು ಕಣ್ಣಾರೆ ಎಣಿಸಿದ ಮೇಲೆ ನಂಬದೆ ಬೇರೆ ದಾರಿಯಿಲ್ಲ. ಪರೀಕ್ಷೆಯಲ್ಲಿ ಸೂತ್ರ ಬರೆದು ಉತ್ತರಿಸಿ, ಆದರೆ ಅಂಚಿನಲ್ಲಿ ಹೀಗೆ ತಲೆ ಎಣಿಸಿ ಸರಿನೋಡಿಕೊಳ್ಳಿ.

ಇನ್ನು ಡಿಸ್ಟ್ರಿಬ್ಯೂಷನ್‌ಗಳು. ಬಿತ್ತನೆ ಬೀಜದ ಒಂದೇ ಉದಾಹರಣೆಯನ್ನು ಬೇರೆಬೇರೆ ರೀತಿಯಲ್ಲಿ ಕೇಳಿದರೆ ಡಿಸ್ಟ್ರಿಬ್ಯೂಷನ್ ಹೇಗೆ ಬದಲಾಗುತ್ತದೆ ನೋಡಿ. ಒಂದು ಬೀಜ ಮೊಳೆಯುವ ಸಂಭವನೀಯತೆ 0.8 ಎಂದಿರಲಿ, ಒಂದು ಬೀಜದ ಹಣೆಬರಹಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲ ಎಂದಿರಲಿ. 10 ಬೀಜ ಹಾಕಿದೆವು, ಎಷ್ಟು ಮೊಳೆತವು? ಬೀಜಗಳ ಸಂಖ್ಯೆ ನಿಗದಿ, ಮೊಳಕೆಗಳ ಸಂಖ್ಯೆ ನಿಗದಿಯಲ್ಲ: ಬೈನಾಮಿಯಲ್. ಕನಿಷ್ಠ 8 ಮೊಳೆಯುವ ಸಂಭವನೀಯತೆ 0.3020 + 0.2684 + 0.1074, ಅಂದರೆ 0.678. ಈಗ ಪ್ರಶ್ನೆ ತಿರುಗಿಸಿ. ತಟ್ಟೆಯಲ್ಲಿಟ್ಟ ಬೀಜಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತೇವೆ, ಮೊಳೆಯದ ಮೊದಲ ಬೀಜ ಎಷ್ಟನೆಯದು? ಈಗ ‘ಒಂದು’ ಎಂಬುದು ನಿಗದಿ, ನೋಡಬೇಕಾದ ಬೀಜಗಳ ಸಂಖ್ಯೆ ನಿಗದಿಯಲ್ಲ: ಜಿಯೊಮೆಟ್ರಿಕ್. ಮೊದಲನೆಯದರ ಬದಲು ಮೂರನೆಯದು ಎಂದರೆ ನೆಗೆಟಿವ್ ಬೈನಾಮಿಯಲ್. ಬೀಜ ಅದೇ, 0.8 ಅದೇ, ನಿಗದಿಯಾದದ್ದು ಮತ್ತು ನಿಗದಿಯಾಗದ್ದು ಜಾಗ ಬದಲಿಸಿಕೊಂಡವು, ಅಷ್ಟೇ.

ಮತ್ತೊಂದು ತಿರುವು. ಪೊಟ್ಟಣದಲ್ಲಿ ಒಟ್ಟು 20 ಬೀಜ, ಅದರಲ್ಲಿ 4 ಸತ್ತವು ಎಂದು ಗೊತ್ತಿದೆ. ವಾಪಸ್ ಹಾಕದೆ 5 ಬೀಜ ತೆಗೆದರೆ ಐದೂ ಜೀವಂತವಾಗಿರುವ ಸಂಭವನೀಯತೆ? ಇಲ್ಲಿ ಸತ್ತ ಬೀಜಗಳ ಒಟ್ಟು ಸಂಖ್ಯೆಯೂ ನಿಗದಿಯಾಗಿಬಿಟ್ಟಿದೆ, ಆದ್ದರಿಂದ ಒಂದು ಬೀಜ ತೆಗೆದಂತೆಲ್ಲ ಮುಂದಿನದರ ಸಂಭವನೀಯತೆ ಬದಲಾಗುತ್ತದೆ. ಬೈನಾಮಿಯಲ್ ನಡೆಯದು, ಹೈಪರ್‌ಜಿಯೊಮೆಟ್ರಿಕ್ ಬೇಕು: 4368/15504 = 0.2817. ಬೈನಾಮಿಯಲ್ ಹಾಕಿದ್ದರೆ 0.8⁵ = 0.3277 ಬರುತ್ತಿತ್ತು, ಸಾಕಷ್ಟು ದೂರ. ಆದರೆ ಮೂಟೆಯಲ್ಲಿ 2,000 ಬೀಜ, ಸತ್ತವು 400 ಎಂದಾದರೆ ಸರಿಯಾದ ಉತ್ತರ 0.3273, ಬೈನಾಮಿಯಲ್ 0.3277. ತೆಗೆಯುವುದು ಐದೇ ಆದ್ದರಿಂದ ಮೂಟೆಗೆ ಅದು ಗೊತ್ತೇ ಆಗುವುದಿಲ್ಲ. ದೊಡ್ಡ ಜನಸಂಖ್ಯೆಯಿಂದ ಚಿಕ್ಕ ಸ್ಯಾಂಪಲ್ ತೆಗೆದಾಗ ಎಲ್ಲರೂ ಧೈರ್ಯವಾಗಿ ಬೈನಾಮಿಯಲ್ ಬಳಸುವುದು ಇದೇ ಕಾರಣಕ್ಕೆ.

ಪಾಯ್ಸಾನ್‌ನಲ್ಲಿ ನಿಗದಿಯಾಗಿರುವುದು ಪ್ರಯತ್ನಗಳ ಸಂಖ್ಯೆಯಲ್ಲ, ಒಂದು ಅವಧಿ ಅಥವಾ ಒಂದು ಜಾಗ: ಒಂದು ಗಂಟೆ, ಒಂದು ಪುಟ, ಒಂದು ಚದರ ಕಿಲೋಮೀಟರ್. ಅದರೊಳಗೆ ಎಷ್ಟು ಸಲ ನಡೆಯಿತು ಎಂದು ಎಣಿಸುತ್ತೇವೆ. ‘ಎಷ್ಟು ಸಲ ನಡೆಯಲಿಲ್ಲ’ ಎಂಬುದನ್ನು ಎಣಿಸಲು ಅಲ್ಲಿ ದಾರಿಯೇ ಇರುವುದಿಲ್ಲ. ಬೈನಾಮಿಯಲ್‌ನಿಂದ ಅದನ್ನು ಬೇರ್ಪಡಿಸಲು ಇದು ಒಳ್ಳೆಯ ಗುರುತು. ಹತ್ತರಲ್ಲಿ ಎಂಟು ಬೀಜ ಮೊಳೆತವು, ಎರಡು ಮೊಳೆಯಲಿಲ್ಲ ಎನ್ನಬಹುದು. ಒಂದು ಗಂಟೆಯಲ್ಲಿ 3 ಫೋನ್ ಕರೆ ಬಂದವು ಎನ್ನಬಹುದು, ಎಷ್ಟು ಕರೆ ಬರಲಿಲ್ಲ ಎಂದು ಹೇಳಲಾಗದು.

ಇದಕ್ಕೆ ಹಳೆಯ, ಆದರೆ ನನಗೆ ಇಂದಿಗೂ ತುಂಬ ಇಷ್ಟವಾದ ಉದಾಹರಣೆ 1898ರಲ್ಲಿ ಸಂಖ್ಯಾಶಾಸ್ತ್ರಜ್ಞ ಬೊರ್ಟ್‌ಕೀವಿಚ್ ಪ್ರಕಟಿಸಿದ ಪ್ರಷ್ಯಾ ಸೈನ್ಯದ ಅಂಕಿಗಳು: ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕ. ಸಾಮಾನ್ಯವಾಗಿ ಪಾಠಕ್ಕೆ ಬಳಸುವುದು ಅದರಲ್ಲಿ 10 ಸೇನಾ ತುಕಡಿಗಳ 20 ವರ್ಷಗಳ ಭಾಗವನ್ನು, ಅಂದರೆ 200 ಸಾಲುಗಳನ್ನು (ಒಂದು ತುಕಡಿಯ ಒಂದು ವರ್ಷಕ್ಕೆ ಒಂದು ಸಾಲು). 109 ಸಾಲುಗಳಲ್ಲಿ ಒಂದು ಸಾವೂ ಇಲ್ಲ, 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, 1ರಲ್ಲಿ ನಾಲ್ಕು. ಒಟ್ಟು ಸಾವು 122, ಸರಾಸರಿ 122/200 = 0.61. ಲ್ಯಾಂಬ್ಡಾ (ಸರಾಸರಿ ಎಣಿಕೆ) 0.61 ಇಟ್ಟು ಪಾಯ್ಸಾನ್ ಲೆಕ್ಕ ಹಾಕಿದರೆ ಬರಬೇಕಾದ ಸಾಲುಗಳು ಕ್ರಮವಾಗಿ 108.7, 66.3, 20.2, 4.1, 0.6. ಕ್ಯಾಲ್ಕ್ಯುಲೇಟರ್ ಹಿಡಿದು ನೀವೇ ಮಾಡಿ ನೋಡಿ. ಮಾಡುವಾಗ ವೇರಿಯನ್ಸನ್ನೂ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ತೆಗೆಯಿರಿ, ಅದು 0.608 ಬರುತ್ತದೆ. ಸರಾಸರಿ ಮತ್ತು ವೇರಿಯನ್ಸ್ ಹತ್ತಿರಹತ್ತಿರ ಇರುವುದೇ ಪಾಯ್ಸಾನ್‌ನ ಗುರುತು.

ಅಲ್ಲಿ ಅದು ಏಕೆ ಹೊಂದಿತು? ಸೈನಿಕರು ಸಾವಿರಾರು, ಒಬ್ಬೊಬ್ಬನಿಗೂ ಅಪಾಯ ಅತಿ ಚಿಕ್ಕದು, ಒಬ್ಬ ಸತ್ತದ್ದರಿಂದ ಇನ್ನೊಬ್ಬ ಸಾಯುವ ಸಂಭವ ಹೆಚ್ಚುವುದಿಲ್ಲ. ಎನ್ (ಪ್ರಯತ್ನಗಳ ಸಂಖ್ಯೆ) ದೊಡ್ಡದು, ಪಿ (ಒಂದೊಂದರ ಸಂಭವನೀಯತೆ) ಚಿಕ್ಕದು ಆದಾಗ ಬೈನಾಮಿಯಲ್ ತಾನೇ ಪಾಯ್ಸಾನ್ ಕಡೆಗೆ ವಾಲುತ್ತದೆ. 100 ಬಲ್ಬುಗಳಲ್ಲಿ ಪ್ರತಿಯೊಂದೂ ಕೆಟ್ಟಿರುವ ಸಂಭವನೀಯತೆ 0.02 ಆದರೆ ಒಂದೂ ಕೆಡದಿರುವುದು ಬೈನಾಮಿಯಲ್‌ನಲ್ಲಿ 0.1326, ಪಾಯ್ಸಾನ್‌ನಲ್ಲಿ 0.1353. ಅದೇ ಡೆಂಗಿ ಪ್ರಕರಣಗಳನ್ನು ಎಣಿಸಿದರೆ ಮೂರನೆಯ ಷರತ್ತು ಮುರಿಯುತ್ತದೆ. ಒಂದು ಓಣಿಯಲ್ಲಿ ಒಬ್ಬರಿಗೆ ಬಂದರೆ ಪಕ್ಕದ ಮನೆಗೂ ಬರುವ ಸಂಭವ ಹೆಚ್ಚು, ಪ್ರಕರಣಗಳು ಗುಂಪುಗುಂಪಾಗಿ ಬರುತ್ತವೆ, ವೇರಿಯನ್ಸ್ ಸರಾಸರಿಯನ್ನು ಮೀರುತ್ತದೆ. ಅಲ್ಲಿ ಪಾಯ್ಸಾನ್ ಬಿಟ್ಟು ನೆಗೆಟಿವ್ ಬೈನಾಮಿಯಲ್ ಕಡೆ ಹೋಗುವುದು ರೂಢಿ.

ಎಣಿಕೆಯ ಬದಲು ಒಂದು ಕರೆಯಿಂದ ಮುಂದಿನ ಕರೆಯವರೆಗಿನ ಸಮಯ ಕೇಳಿದರೆ ಅದು ಎಕ್ಸ್‌ಪೊನೆನ್ಷಿಯಲ್. ಈಗ ಘಟನೆ ನಿಗದಿ, ಸಮಯ ನಿಗದಿಯಲ್ಲ.

ನಾರ್ಮಲ್ (ಗಂಟೆಯಾಕಾರದ) ಡಿಸ್ಟ್ರಿಬ್ಯೂಷನ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಷ್ಟು ಬೇರೂರಿದೆಯೆಂದರೆ ಅದನ್ನು ಕಿತ್ತುಹಾಕದೆ ಮುಂದೆ ಹೋಗುವಂತಿಲ್ಲ. ‘ಡೇಟಾ ಜಾಸ್ತಿಯಾದರೆ ನಾರ್ಮಲ್ ಆಗುತ್ತದೆ’ ಎನ್ನುತ್ತಾರೆ. ಆಗುವುದಿಲ್ಲ. ಒಂದು ಊರಿನ ಜನರ ಆದಾಯವನ್ನು ನೂರು ಜನರಿಂದ ಕೇಳಿ, ಲಕ್ಷ ಜನರಿಂದ ಕೇಳಿ, ಬಲಕ್ಕೆ ಉದ್ದ ಬಾಲವಿರುವ ಅದೇ ಆಕಾರ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಾರ್ಮಲ್ ಆಗುವುದು ಸ್ಯಾಂಪಲ್‌ಗಳ ಸರಾಸರಿ ಅಥವಾ ಮೊತ್ತ. ಒಂದಕ್ಕೊಂದು ಸಂಬಂಧವಿಲ್ಲದ ಅನೇಕ ಸಣ್ಣಸಣ್ಣ ಪಾಲುಗಳು ಕೂಡಿದಾಗ, ಯಾವ ಒಂದು ಪಾಲೂ ಉಳಿದವನ್ನು ನುಂಗಿಹಾಕದಿದ್ದರೆ, ಮೊತ್ತ ಗಂಟೆಯಾಕಾರ ತಾಳುತ್ತದೆ. ಸೆಂಟ್ರಲ್ ಲಿಮಿಟ್ ಪ್ರಮೇಯ ಹೇಳುವುದು ಇಷ್ಟನ್ನೇ. ಗಣಿತಜ್ಞ ಡಿ ಮುವಾವ್ರ್ 1733ರಲ್ಲಿ ಈ ವಕ್ರರೇಖೆಗೆ ತಲುಪಿದ್ದೂ ನಾಣ್ಯ ಚಿಮ್ಮುವ ಬೈನಾಮಿಯಲ್ ಲೆಕ್ಕವನ್ನು ಸುಲಭ ಮಾಡಲು ಹೊರಟಾಗ.

ಆ ಲೆಕ್ಕವನ್ನೇ ಮಾಡೋಣ. ನಾಣ್ಯವನ್ನು 100 ಸಲ ಚಿಮ್ಮಿದರೆ 60 ಅಥವಾ ಹೆಚ್ಚು ಹೆಡ್ ಬೀಳುವ ಸಂಭವನೀಯತೆ? ಸರಾಸರಿ 50, ಸ್ಟ್ಯಾಂಡರ್ಡ್ ಡೀವಿಯೇಷನ್ (ವೇರಿಯನ್ಸ್‌ನ ವರ್ಗಮೂಲ) 5. ನೇರವಾಗಿ 60 ಇಟ್ಟರೆ ಝಡ್ (ಸರಾಸರಿಯಿಂದ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಷನ್ ದೂರ ಎಂಬುದು) 2.0, ಉತ್ತರ 0.0228. ಆದರೆ ಹೆಡ್‌ಗಳು ಪೂರ್ಣಾಂಕ. ನಕ್ಷೆಯಲ್ಲಿ 60 ಎಂಬ ಕಂಬ 59.5ರಿಂದ 60.5ರವರೆಗೆ ನಿಂತಿದೆ. ಆ ಇಡೀ ಕಂಬ ಬೇಕೆಂದರೆ 59.5ರಿಂದ ಶುರುಮಾಡಬೇಕು: ಝಡ್ 1.9, ಉತ್ತರ 0.0287. ಬೈನಾಮಿಯಲ್‌ನ ನಿಖರ ಉತ್ತರ 0.0284. ಆ ಅರ್ಧವನ್ನು ಮರೆತದ್ದಕ್ಕೆ ಉತ್ತರದಲ್ಲಿ ಐದರಲ್ಲಿ ಒಂದು ಭಾಗ ಕಳೆದುಹೋಗಿತ್ತು. ಇದನ್ನು ಯಾಂತ್ರಿಕವಾಗಿ ಮಾಡದೆ ಕಂಬದ ಚಿತ್ರ ಬರೆದು ಮಾಡಿ. ‘60ಕ್ಕಿಂತ ಹೆಚ್ಚು’ ಎಂದರೆ 60.5 ಏಕೆ ಬರುತ್ತದೆ ಎಂಬುದೂ ಆಗ ತಾನೇ ತಿಳಿಯುತ್ತದೆ.

ವೇರಿಯನ್ಸ್ ಕೂಡುವಾಗಲೂ ನಿಗದಿಯ ಪ್ರಶ್ನೆ ಬಿಡಬೇಡಿ. ಲಿಫ್ಟ್ ಹತ್ತುವವರ ತೂಕದ ಸ್ಟ್ಯಾಂಡರ್ಡ್ ಡೀವಿಯೇಷನ್ 10 ಕಿಲೋ ಎಂದಿರಲಿ. ಸಂಬಂಧವಿಲ್ಲದ 10 ಜನ ಹತ್ತಿದರೆ ಒಟ್ಟು ತೂಕದ ವೇರಿಯನ್ಸ್ 10 × 100 = 1000, ಸ್ಟ್ಯಾಂಡರ್ಡ್ ಡೀವಿಯೇಷನ್ 31.6 ಕಿಲೋ. ಒಬ್ಬರ ತೂಕವನ್ನೇ 10ರಿಂದ ಗುಣಿಸಿದರೆ ಸ್ಟ್ಯಾಂಡರ್ಡ್ ಡೀವಿಯೇಷನ್ 100 ಕಿಲೋ. ಹತ್ತು ಜನರಲ್ಲಿ ದಪ್ಪಗಿರುವವರು, ತೆಳ್ಳಗಿರುವವರು ಒಬ್ಬರನ್ನೊಬ್ಬರು ಸರಿದೂಗಿಸುತ್ತಾರೆ. ಒಬ್ಬರನ್ನೇ ಹತ್ತು ಸಲ ಎಣಿಸಿದರೆ ಸರಿದೂಗಿಸುವವರು ಇಲ್ಲ. ಎರಡು ಸ್ವತಂತ್ರ ಚರಗಳ ವ್ಯತ್ಯಾಸ ತೆಗೆದುಕೊಂಡಾಗಲೂ ವೇರಿಯನ್ಸ್‌ಗಳು ಕೂಡುತ್ತವೆ, ಕಳೆಯುವುದಿಲ್ಲ.

ಅಭ್ಯಾಸಕ್ಕೆ ಹೀಗೆ ಮಾಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದುಕೊಂಡು ಉತ್ತರ ಬಿಡಿಸದೆ, ಪ್ರತಿ ಲೆಕ್ಕದ ಪಕ್ಕ ನಿಗದಿಯಾದದ್ದು ಏನು, ಎಣಿಸುತ್ತಿರುವುದು ಏನು, ಡಿಸ್ಟ್ರಿಬ್ಯೂಷನ್ ಯಾವುದು ಎಂದಷ್ಟೇ ಬರೆಯುತ್ತಾ ಹೋಗಿ. ಒಂದು ಗಂಟೆಗೆ ಇಪ್ಪತ್ತು ಮೂವತ್ತು ಲೆಕ್ಕ ಹೀಗೆ ನೋಡಬಹುದು, ಬಿಡಿಸುತ್ತಾ ಕೂತರೆ ಐದಾರು ಅಷ್ಟೇ.

ಶುರುಮಾಡಲು ಇದನ್ನು ತೆಗೆದುಕೊಳ್ಳಿ. ಒಂದು ಸಹಾಯವಾಣಿಗೆ ಗಂಟೆಗೆ ಸರಾಸರಿ 3 ಕರೆಗಳು, ಒಂದಕ್ಕೊಂದು ಸಂಬಂಧವಿಲ್ಲದೆ, ಬರುತ್ತವೆ. 20 ನಿಮಿಷದಲ್ಲಿ ಒಂದೂ ಕರೆ ಬಾರದಿರುವ ಸಂಭವನೀಯತೆ? ಇಪ್ಪತ್ತು ನಿಮಿಷದ ಅಂಥ 8 ಅವಧಿಗಳಲ್ಲಿ ಸರಿಯಾಗಿ 3 ಖಾಲಿ ಹೋಗುವ ಸಂಭವನೀಯತೆ? ಮೊದಲು ಖಾಲಿ ಹೋಗುವುದು ನಾಲ್ಕನೆಯದೇ ಆಗುವ ಸಂಭವನೀಯತೆ? ಮೊದಲನೆಯದರಲ್ಲಿ ಸಮಯ ನಿಗದಿ, ಪಾಯ್ಸಾನ್, ಲ್ಯಾಂಬ್ಡಾ 1: ಉತ್ತರ 0.3679. ಎರಡನೆಯದರಲ್ಲಿ ಆ 0.3679 ಪಿ ಆಗುತ್ತದೆ, 8 ನಿಗದಿ, ಬೈನಾಮಿಯಲ್: 0.281. ಮೂರನೆಯದರಲ್ಲಿ ಮೊದಲ ಖಾಲಿ ಎಂಬುದು ನಿಗದಿ, ಜಿಯೊಮೆಟ್ರಿಕ್: 0.6321³ × 0.3679 = 0.093.